ಖಂಡೇ ಪೂಜೆಯ ಮರುದಿನ ಏಳದ ಡೇಟಾಬೇಸ್

ತಾರಿಹಾಳದ ನಮ್ಮ ಕಾರ್ಖಾನೆಯಲ್ಲಿ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಯಂತ್ರಗಳಿಗೆಲ್ಲ ವಿಶ್ರಾಂತಿ. ಲೇಥ್, ಡ್ರಿಲ್ಲಿಂಗ್ ಮಷಿನ್, ಆಫೀಸಿನ ಹಳೆಯ ಟೈಪ್‌ರೈಟರ್, ಎಲ್ಲವನ್ನೂ ಒರೆಸಿ, ವಿಭೂತಿ ಕುಂಕುಮ ಹಚ್ಚಿ ಬಂದ್ ಇಡುವುದು ರೂಢಿ. ಆ ವರ್ಷ ಲಿನಕ್ಸ್ ಸರ್ವರನ್ನೂ ನಾನೇ ಕ್ರಮವಾಗಿ ಆರಿಸಿದೆ. ಮರುದಿನ, ವಿಜಯದಶಮಿಯ ಬೆಳಿಗ್ಗೆ, ಮತ್ತೆ ಚಾಲು ಮಾಡಿದಾಗ ಉಳಿದದ್ದೆಲ್ಲ ಬಂತು. ಡೇಟಾಬೇಸ್ ಮಾತ್ರ ಏಳಲಿಲ್ಲ. ಅದರ ಹೆಸರಿನ ಎದುರು ಕೆಂಪು ಅಕ್ಷರ. ಸ್ಟೋರಿನ ಸಾಮಾನು, ಬಂದ ಆರ್ಡರು, ಹೋದ ಮಾಲು, ಎಲ್ಲದರ ವಿವರ ಅದರೊಳಗಿತ್ತು.

ಆ ಸರ್ವರ್ ಕಟ್ಟಿದವನು ಇದೇ ಕಾರ್ಖಾನೆಯಲ್ಲಿದ್ದ ನನ್ನ ಗೆಳೆಯ. ಧಾರವಾಡದ ಒಂದು ಮಠದ ಪ್ರಸಾದ ನಿಲಯದಲ್ಲಿ ಇಬ್ಬರೂ ಒಂದೇ ಗಂಟೆಯ ಸದ್ದಿಗೆ ಎದ್ದು, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವರು. ಸ್ಟೋರು ನೋಡಿಕೊಳ್ಳುತ್ತಿದ್ದ ನನಗೆ ಲಿನಕ್ಸ್ ಕಲಿಸಿದವನೂ ಅವನೇ. ಸಂಜೆ ಹೊರಡುವಾಗ ನಾನು ಎಲ್ಲವನ್ನೂ ಆರಿಸುವವನು. ಸರ್ವರಿನ ಕಡೆ ಕೈ ಹೋದರೆ ಬೈಯುತ್ತಿದ್ದ: “ಲೇ, ಇದೇನ್ ನಿನ್ನ ಸ್ಟೋರಿನ ಬಾಗಲಾ ಏನೋ, ದಿನಾ ಕೀಲಿ ಹಾಕಾಕ? ನಡೀಲಿ ಬಿಡು ಅದು.”

ಶ್ರಾವಣದಲ್ಲಿ ಅವನು ತೀರಿಕೊಂಡ. ಅಂದಿನಿಂದ ಸರ್ವರಿನ ಕೋಣೆಯಲ್ಲಿ ನಾನೊಬ್ಬನೇ.

ಮಾಲಕರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ದಶಮಿಯ ಆ ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೇಳಿದರು: “ಏನ್ ಕಾಕಾ, ಇನ್ನೂ ಎದ್ದಿಲ್ಲೇನ್ರಿ?”

“ನೋಡಾಕತ್ತೇನ್ರಿ.”

“ಸಂಜೀತನಕಾ ನೋಡ್ರಿ. ಆಗಲಿಲ್ಲಂದ್ರ ನಾಳೆ ವಿದ್ಯಾನಗರದ ಕಂಪ್ಯೂಟರ್ ಅಂಗಡಿಯವರನ್ನ ಕರಸ್ತೇನಿ. ಇದನ್ನೆಲ್ಲಾ ತಗದು ಹೊಸಾದು ಹಾಕ್ತಾರ. ಹಾಕಿದವರೇ ಇಲ್ಲ, ಇನ್ಯಾರನ್ನ ಕೇಳೂದು?”

ಆ ಕಾರ್ಖಾನೆಯಲ್ಲಿ ಗೆಳೆಯನ ಕೈಯ ಕೆಲಸವೆಂದು ಉಳಿದದ್ದು ಅದೊಂದೇ. ಅದು ಹೋಗಬಾರದಿತ್ತು.

ಅವನು ಕಲಿಸಿದ ಕ್ರಮದಲ್ಲೇ ಹೊರಟೆ. ಡಿಸ್ಕಿನಲ್ಲಿ ಸ್ವಲ್ಪವಾದರೂ ಜಾಗವಿತ್ತು. ಕೇಬಲ್ಲು ಗಟ್ಟಿಯಾಗಿತ್ತು. ಇನ್ನೊಮ್ಮೆ ಚಾಲು ಮಾಡಿದೆ, ಮತ್ತೆ ಕೆಂಪು. ಊಹೆ ಸಾಕೆಂದು, ಯಂತ್ರ ತಾನೇ ಬರೆದಿಡುವ ಲಾಗನ್ನು ಕೊನೆಯಿಂದ ಮೇಲಕ್ಕೆ ಓದಿದೆ. ತನ್ನ ಫೈಲುಗಳು ಸಿಗುತ್ತಿಲ್ಲವೆಂದು ಅದು ದೂರುತ್ತಿತ್ತು. ಹುಡುಕುತ್ತಿದ್ದದ್ದು ಹಳೆಯ ಡಿಸ್ಕಿನಲ್ಲಲ್ಲ, ಬೇಸಿಗೆಯಲ್ಲಿ ಗೆಳೆಯ ಕೂಡಿಸಿದ್ದ ಹೊಸದರಲ್ಲಿ. ಅಲ್ಲಿ ಏನೂ ಇರಲಿಲ್ಲ.

ಸೆಟ್ಟಿಂಗ್ ಬರೆದಿಡುವ ಫೈಲು ತೆರೆದೆ. ಜಾಗ ತೋರಿಸುವ ಸಾಲನ್ನು ಅವನು ಬದಲಿಸಿದ್ದ. ಅದರ ಮೇಲೆ, ಯಂತ್ರ ಓದದ ಟಿಪ್ಪಣಿಯಾಗಿ, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮದೇ ಮಾತು: “ಅಮಾಸಿ ಆದಮ್ಯಾಗ ಕಾಪಿ ಮಾಡೂದು.”

ಮನೆ ಬದಲಿಸುವವರ ಹಾಗೆ ಅಮಾವಾಸ್ಯೆ ಕಳೆಯಲೆಂದು ಕಾದಿದ್ದ. ಅಷ್ಟರಲ್ಲೇ ಹಾಸಿಗೆ ಹಿಡಿದ. ಡೇಟಾಬೇಸ್ ಆ ಫೈಲನ್ನು ಓದುವುದು ಏಳುವಾಗ ಒಮ್ಮೆ ಮಾತ್ರ. ಜನರೇಟರ್ ಇದ್ದದ್ದರಿಂದ ಕರೆಂಟು ಹೋದರೂ ಅದು ನಿಂತಿರಲಿಲ್ಲ. ಹಿಂದೆ ಅವನು ಎಬ್ಬಿಸಿದಾಗ ಓದಿಕೊಂಡದ್ದನ್ನೇ ನೆನಪಿಟ್ಟುಕೊಂಡು, ಅವನು ಹೋದ ಮೇಲೂ ಇಷ್ಟು ದಿನ ನಡೆದಿತ್ತು. ಪೂಜೆಗೆಂದು ಆರಿಸಿದಾಗ ಆ ನೆನಪು ಹೋಯಿತು.

ಹಳೆಯ ಜಾಗವನ್ನೇ ಮತ್ತೆ ಬರೆದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಹಳೆಯ ಡಿಸ್ಕ್ ತುಂಬುತ್ತ ಬಂದಿತ್ತು. ಅವನು ಹೊಸದನ್ನು ತರಿಸಿದ್ದೂ ಅದಕ್ಕೇ. ವಿಜಯದಶಮಿ ಒಳ್ಳೆಯ ದಿನ, ಈಗ ಕಾಪಿ ಮಾಡಿದರೆ ಅವನ ತಕರಾರೂ ಇರುತ್ತಿರಲಿಲ್ಲ. ಫೈಲುಗಳನ್ನೆಲ್ಲ ಹೊಸ ಡಿಸ್ಕಿಗೆ ಕಾಪಿ ಮಾಡಿದೆ, ಡೇಟಾಬೇಸಿಗೆ ಅವುಗಳನ್ನು ಓದಿ ಬರೆಯುವ ಹಕ್ಕು ಕೊಟ್ಟೆ, ಚಾಲು ಮಾಡಿದೆ. ಹಸಿರು ಅಕ್ಷರದಲ್ಲಿ ‘ಓಕೆ’ ಬಂತು.

ಹೇಳಿದರೆ ತಿಳಿಯುವವರು ಕಟ್ಟಡದಲ್ಲಿ ಯಾರೂ ಇರಲಿಲ್ಲ. ಟೇಬಲ್ಲು ಒರೆಸಿ ಕುಳಿತೆ.

ಸಂಜೆ ಮಾಲಕರು ಬಂದು ಪರದೆಯ ಹಸಿರು ಅಕ್ಷರ ನೋಡಿದರು; ಬನ್ನಿ ಎಲೆ ಕೊಟ್ಟು, ಬಗ್ಗಿ ನಮಸ್ಕರಿಸಿದರು. “ಛಲೋ ಆತು ಕಾಕಾ. ನಾಳೆ ಅವರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡ್ಲಿ?”

“ಹೇಳಿಬಿಡ್ರಿ.”

ಹೊರಟವರು ಮತ್ತೆ ತಿರುಗಿ ನಿಂತರು. “ಸಿಟ್ಟಾಗಬ್ಯಾಡ್ರಿ. ಮುಂದ ನೀವೂ ಇಲ್ಲದಾಗ ಹಿಂಗ ಆದ್ರ ಯಾರನ್ನ ಕರೀಬೇಕ್ರಿ?”

“ಇವತ್ತಂತೂ ಎದ್ದೈತ್ರಿ” ಎಂದೆ. ಅವರು ನಕ್ಕು, ಉಳಿದವರಿಗೆ ಬನ್ನಿ ಕೊಡಲು ಹೋದರು.