ದೀಪವಿಲ್ಲದ ತೂಬು

ನನ್ನ ಸೋದರಮಾವನ ಬಲಗಾಲಿನ ಹೆಬ್ಬೆರಳ ಸುತ್ತ ಉಂಗುರ ತೊಡಿಸಿದಂತೆ ಒಂದು ಕಪ್ಪು ಗಾಯದ ಗುರುತಿತ್ತು. ತೆಪ್ಪಕ್ಕೆ ಹುಟ್ಟು ಹಾಕಲು ಎರಡು ಕೈಯೂ ಬೇಕಾದ್ದರಿಂದ ಗಾಳದ ಹುರಿಯನ್ನು ಅವರು ಆ ಬೆರಳಿಗೇ ಸುತ್ತಿಕೊಳ್ಳುತ್ತಿದ್ದರು. ಕಾರ್ತೀಕದ ಚಳಿ ಬಿದ್ದು ಕೆರೆ ತುಂಬಿ ನಿಂತ ಮೇಲೆ, ಕತ್ತಲಾದೊಡನೆ ಬೇಟೆಗೆ ಏಳುವ ಬಾಳೆಮೀನನ್ನು ಅವರು ಹಿಡಿಯುತ್ತಿದ್ದ ಬಗೆ ಅದು: ಗಾಳಕ್ಕೆ ಜೀವಂತ ಕಪ್ಪೆ ಚುಚ್ಚಿ, ತೆಪ್ಪದ ಹಿಂದೆ ಎಳೆದುಕೊಂಡು ಸದ್ದಿಲ್ಲದೆ ಸಾಗುವುದು.

ಕಾಲೇಜಿನಿಂದ ರಜೆಗೆ ಬಂದ ನನ್ನನ್ನು ಅವರು ‘ಬಿ.ಎ. ಸಾಹೇಬ’ ಎಂದೇ ಕರೆಯುವರು. ನನಗೆ ಈಜು ಬಾರದೆಂಬುದು ಅವರಿಗೆ ಮುಗಿಯದ ತಮಾಷೆ. “ಅಷ್ಟೊಂದು ಪುಸ್ತಕ ಓದಿದ್ಯಲ್ಲ, ತೇಲೋದು ಹೆಂಗೆ ಅಂತ ಒಂದರಲ್ಲೂ ಬರ್ದಿಲ್ವೇನೋ?”

ಯಾವುದಕ್ಕೂ ಜಗ್ಗದ ಅವರು ತೂಬಿಗೆ ಮಾತ್ರ ಅಂಜುತ್ತಿದ್ದರು. ಕೆರೆಯ ಏರಿಯಿಂದ ಒಳಗೆ, ಎರಡು ಕಲ್ಲುಕಂಬಗಳ ನಡುವೆ, ನೀರಿನಡಿ ಅದರ ಬಾಯಿ. ಗದ್ದೆಗೆ ನೀರು ಬಿಟ್ಟಾಗ ಅಲ್ಲಿನ ಸೆಳೆತಕ್ಕೆ ಸಿಕ್ಕಿದ ಎತ್ತೂ ಉಳಿಯದು. ಆದ್ದರಿಂದಲೇ ನಮ್ಮೂರಿನ ಕಟ್ಟಳೆ: ರಾತ್ರಿ ತೂಬು ತೆರೆದರೆ, ನೀರು ಬಿಡುವ ನೀರುಗಂಟಿ ಕಂಬಕ್ಕೆ ಲಾಂದ್ರ ಕಟ್ಟಬೇಕು. ತೆಪ್ಪ ಹತ್ತುವ ಮೊದಲು ಮಾವ ಆ ಕಡೆ ದಿಟ್ಟಿಸುವರು. “ದೀಪ ಇಲ್ಲ. ನಡಿ.”

ಯುದ್ಧದ ಆ ವರ್ಷ, ನಾನೂ ಜೊತೆಗಿದ್ದ ರಾತ್ರಿ, ಕಂಬ ಕತ್ತಲಲ್ಲಿತ್ತು. ಕುಂದಾಣದ ಗುಡ್ಡದ ಕಡೆಯ ಗಾಳಿಗೆ ನನ್ನ ಹಲ್ಲು ಕಟಕಟಿಸುತ್ತಿತ್ತು. ಕಂಬಗಳ ಬಳಿ ಬಂದಾಗ ಮಾವನ ಕಾಲು ಥಟ್ಟನೆ ಹಿಂದಕ್ಕೆ ಜಗ್ಗಿತು.

“ಕಚ್ತು ಕಣೋ! ಬಲು ದೊಡ್ಡದು, ಸಾಹೇಬ!”

ಮರುಗಳಿಗೆಯಲ್ಲೇ ಅವರ ನಗು ನಿಂತಿತು. ಮೀನು ತಲೆ ಕೊಡವುತ್ತದೆ, ಬಿಟ್ಟು ಬಿಟ್ಟು ಎಳೆಯುತ್ತದೆ. ಈ ಎಳೆತಕ್ಕೆ ಬಿಡುವೇ ಇರಲಿಲ್ಲ. ತೆಪ್ಪ ತಾನಾಗಿಯೇ ತಿರುಗತೊಡಗಿತು.

“ಮೀನಲ್ಲ... ತೂಬು ತೆಗ್ದವ್ರೆ! ಕಂಬ ತಬ್ಕೊ! ತಬ್ಕೊಳೋ!”

ಎರಡೂ ಕೈಯಿಂದ ಅವರು ನನ್ನನ್ನು ಕಲ್ಲಿನತ್ತ ನೂಕಿದರು. ಕಾಲಿನ ಹುರಿ ಬಿಚ್ಚಿಕೊಳ್ಳಬೇಕಾಗಿದ್ದ ಕೈಗಳವು. ನಾನು ಕಂಬವನ್ನು ಅಪ್ಪಿ ತಿರುಗಿ ನೋಡುವಷ್ಟರಲ್ಲಿ ತೆಪ್ಪ ಮಗುಚಿತ್ತು. ಒಮ್ಮೆ ನನ್ನ ಹೆಸರು ಹಿಡಿದು ಕೂಗಿದರು. ಆಮೇಲೆ ನೀರಿನ ಗುಳುಗುಳು ಮಾತ್ರ. “ತೂಬು ಮುಚ್ರೋ!” ಎಂದು ಅರಚಿದೆ. ಏರಿಯ ಮೇಲೆ ಯಾರದೋ ಬೀಡಿಯ ಕಿಡಿ ನೆಲಕ್ಕೆ ಬಿತ್ತು. ಓಡಿಹೋಗುವ ಹೆಜ್ಜೆಗಳು ಕೇಳಿಸಿದವು. ಬೆಳಗಿನವರೆಗೂ ನಾನು ಕಂಬ ಬಿಡಲಿಲ್ಲ.

ತೂಬು ಮುಚ್ಚಿಸಿ ಮಾವನ ದೇಹವನ್ನು ಮೇಲೆತ್ತುವಾಗ ಕೆರೆಯ ನೀರು ಪಟೇಲರ ಕಬ್ಬಿನ ಗದ್ದೆಯಲ್ಲಿ ನಿಂತಿತ್ತು. ಆ ರಾತ್ರಿ ನೀರಿನ ಸರದಿ ಅವರದಲ್ಲ. ಲಾಂದ್ರ ಕಟ್ಟಿದ್ದರೆ ಆ ಕಳವು ಊರಿಗೆಲ್ಲ ಕಾಣುತ್ತಿತ್ತು.

ಸಂಜೆ ಚಾವಡಿಯಲ್ಲಿ ಊರವರ ಮುಂದೆ ನಾನು ಕೇಳಿದೆ: “ದೀಪ ಯಾಕೆ ಕಟ್ಟಿಸಲಿಲ್ಲ?”

ಪಟೇಲರು ಎಲೆಯಡಿಕೆ ಮೆಲ್ಲುತ್ತಲೇ ಹೇಳಿದರು: “ಯುದ್ಧದ ಕಾಲ, ಸೀಮೆಎಣ್ಣೆ ಎಲ್ಲಿ ತರಾನಪ್ಪಾ? ನಿಮ್ಮಾವಂಗೆ ಮೀನಿನ ಹುಚ್ಚು. ನೀರೇನ್ ಮಾಡ್ತದೆ?”

ಅವರ ತಲೆಯ ಮೇಲೆ ಸೀಮೆಎಣ್ಣೆಯ ಪೆಟ್ರೋಮ್ಯಾಕ್ಸ್ ಭುಸುಗುಡುತ್ತಿತ್ತು. ನಾನು ಬೆರಳೆತ್ತಿ ಅದನ್ನು ತೋರಿಸಿದೆ. ಒಬ್ಬರೂ ತಲೆ ಎತ್ತಲಿಲ್ಲ.

ಅಂದು ಅಲ್ಲಿದ್ದವರ ಮನೆಬಾಗಿಲಿಗೆ ನಾನು ಪ್ರತಿ ರಜೆಯಲ್ಲೂ ಹೋಗುತ್ತೇನೆ; ನೀರು ಬಿಡಿಸಿದವರು ಯಾರೆಂದು ಬಾಯಿ ಬಿಟ್ಟು ಹೇಳಿ ಎನ್ನುತ್ತೇನೆ. ಕದ ಮುಚ್ಚಿಕೊಳ್ಳುತ್ತದೆ. ಹಿಂದಿರುಗುವಾಗ ಬೇಲಿಯ ಮರೆಯಲ್ಲಿ ಪಟೇಲರ ಆಳುಗಳು ಕೆಮ್ಮುತ್ತಾರೆ. ನಾನು ಮುಂದಿನ ಮನೆಯ ಕದ ತಟ್ಟುತ್ತೇನೆ.