ತುಂಗಭದ್ರೆಗೆ ಹೋದ ಬೆಟಗೇರಿಯ ರೇಷ್ಮೆದಾರ

ಗದಗಿನಿಂದ ಮುಂಡರಗಿಗೆ ಹೋಗುವ ಇದ್ದಲಿ ಬಸ್ಸು ಹೊಗೆ ಉಗುಳಿ ಕದಲುವಾಗ, ಕಳಿಸಲು ಬಂದಿದ್ದ ಅವ್ವ ಕಿಟಕಿಯ ಹತ್ತಿರ ಬಂದು ಹೇಳಿದಳು: "ನಿನ್ನ ದಾರ ಭಾಳ ಮೆತ್ತಗಿತ್ತೋ ತಮ್ಮಾ. ನೀ ಮಲಗಿದ ಮ್ಯಾಲ ಗಂಜಿ ಕುಡಿಸೀನಿ."

ಬೆಟಗೇರಿಯ ನೇಕಾರರ ಮನೆಯಲ್ಲಿ ಗಂಜಿ ಕುಡಿಸದೆ ನೂಲನ್ನು ಮಗ್ಗಕ್ಕೆ ಏರಿಸುವುದಿಲ್ಲ, ಖರೆ. ಆದರೆ ಈ ದಾರ ಸೀರೆಗಲ್ಲ, ಮೀನಿಗೆ. ಮುಂಡರಗಿಯಲ್ಲಿ ನೆಲೆಸಿದ್ದ ನಿವೃತ್ತ ಇಂಜಿನಿಯರ್ ರಾಯರು ನೀಲಗಿರಿಯಲ್ಲಿ ನೌಕರಿ ಮಾಡಿದವರು. ಅಲ್ಲಿಯ ಗುಡ್ಡದ ಹೊಳೆಗಳಲ್ಲಿ, ಗರಿ ಸುತ್ತಿದ ಹುಸಿ ಹುಳುವನ್ನು ನೀರ ಮೇಲೆ ತೇಲಿಸಿ ಟ್ರೌಟ್ ಮೀನು ಹಿಡಿಯುವ ಗೀಳು ಹಚ್ಚಿಕೊಂಡಿದ್ದರು. ಅದಕ್ಕೆ ಬೇಕಾದ ರೇಷ್ಮೆದಾರ ವಿಲಾಯತಿಯಿಂದ ಬರುವುದು ಯುದ್ಧದ ದೆಸೆಯಿಂದ ನಿಂತುಹೋಗಿತ್ತು. ಜಡೆಯಂತೆ ಹೆಣೆದು ತರಲು ನನಗೆ ಹೇಳಿದ್ದರು. ದಾರ ನೀರು ಕುಡಿಯಬಾರದು, ತೇಲಬೇಕು ಎಂಬುದೊಂದೇ ಅವರ ಷರತ್ತು. ಒಪ್ಪಿಗೆಯಾದರೆ ನೀಲಗಿರಿಯ ಗೆಳೆಯರಿಗೂ ನನ್ನಿಂದಲೇ ಕೊಡಿಸುವವರಿದ್ದರು. ಇಲ್ಲವಾದರೆ ನಾನು ಸೊಲ್ಲಾಪುರದ ಗಿರಣಿಗೆ ಹೋಗಬೇಕಿತ್ತು. ಅಣ್ಣ ಅಲ್ಲಿ ಜಾಗ ಗೊತ್ತುಮಾಡಿ ಕಾಯುತ್ತಿದ್ದ. ನನಗೆ ಮಾತ್ರ ಊರು ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಟಿಕೆಟ್ಟಿಗೆ ಹತ್ತಾಣೆ, ಇಪ್ಪತ್ತು ಮೈಲಿಗೂ ಮಿಕ್ಕಿದ ದಾರಿ. ಡಂಬಳದಲ್ಲಿ ಬಸ್ಸು ಕೆಟ್ಟು ನಿಂತಿತು. ಉಳಿದವರು ಗಿರಮಿಟ್ಟು ತಿಂದರು. ನಾನು ಚೀಲದಲ್ಲಿ ಕೈಯಿಟ್ಟು ದಾರ ಮುಟ್ಟಿ ನೋಡಿದೆ. ಜೋಳದ ಗಂಜಿ ಹೀರಿ ಸೆಟೆದುಕೊಂಡಿತ್ತು. ಬಲಕ್ಕೆ ಕಪ್ಪತಗುಡ್ಡ ಕಾಣುತ್ತಿತ್ತಂತೆ, ನಾನು ನೋಡಲಿಲ್ಲ.

ಮುಂಡರಗಿಯಲ್ಲಿ ರಾಯರು ಹೊಳೆಗೆ ಹೋಗಲು ಚಕ್ಕಡಿ ಹೂಡಿಸಿಕೊಂಡು ಕಾದಿದ್ದರು. ಗಂಜಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದರೂ ಆಡಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಚಕ್ಕಡಿ ಹೊಡೆಯುವ ಫಕೀರಪ್ಪ ಮಾತಿನ ಮಲ್ಲ.

"ರಾಯರು ಮೀನ ತಿನ್ನೂದಿಲ್ಲ, ಹಿಡದು ಮತ್ತ ನೀರಿಗೆ ಬಿಡ್ತಾರ. ಮತ್ಯಾಕ ಹಿಡೀಬೇಕ್ರಿ?" ಎಂದು ನನ್ನನ್ನು ಕೇಳಿದ.

"ನಿನ್ನ ಕೂಡ ಮಾತಾಡೂದು ತಪ್ಪತದ, ಅದಕ್ಕ," ಎಂದರು ರಾಯರು.

ತುಂಗಭದ್ರಾ ಹೊಳೆಯಲ್ಲಿ ಬೇಸಿಗೆಯ ತಿಳಿನೀರು. ಈ ದಂಡೆ ಮುಂಬಯಿ ಪ್ರಾಂತ, ಆ ದಂಡೆ ಮದ್ರಾಸು. ಎರಡೂ ಕಡೆ ಬಟ್ಟೆ ಒಗೆಯುವವರು ಕನ್ನಡದಲ್ಲೇ ಜಗಳಾಡುತ್ತಿದ್ದರು. ರಾಯರು ದಾರಕ್ಕೆ ಮೇಣ ತಿಕ್ಕಿ, ತುದಿಗೆ ಹುಸಿ ಹುಳು ಕಟ್ಟಿ, ಗಾಳದ ಗಳ ಬೀಸಿ ಎಸೆದರು. ದಾರ ತುಸು ಹೊತ್ತು ತೇಲಿತು. ಆಮೇಲೆ ಲೋಳೆಯಾಗಿ ಮುಳುಗಿತು. ಮೀನುಮರಿಗಳು ಹುಳುವನ್ನು ಬಿಟ್ಟು ದಾರಕ್ಕೇ ಬಾಯಿ ಹಾಕಿದವು.

ರಾಯರು ದಾರ ಸುತ್ತತೊಡಗಿದರು. ನನಗೆ ಇನ್ನು ಬಚ್ಚಿಡಲಾಗಲಿಲ್ಲ. "ನಮ್ಮವ್ವ ಗಂಜಿ ಕುಡಿಸ್ಯಾಳ್ರಿ," ಎಂದೆ.

ಅವರು ದಾರದ ಲೋಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಫಕೀರಪ್ಪ, ಚಹಾಕ್ಕ ಇಟ್ಟ ನೀರು ಇಳಸು," ಎಂದರು.

ಆ ಬಿಸಿನೀರಿನಲ್ಲಿ ದಾರ ತಿಕ್ಕಿ ತೊಳೆದು, ಎರಡು ಜಾಲಿ ಗಿಡಗಳ ನಡುವೆ ಮಗ್ಗದ ಹಾಸುನೂಲಿನಂತೆ ಬಿಗಿದೆವು. ಒಣಗುವವರೆಗೆ ನಾನು ಕೂಡ್ರಲಿಲ್ಲ, ಚಹಾ ಇಲ್ಲದ ಫಕೀರಪ್ಪ ಮಾತಾಡಲಿಲ್ಲ. ಹೊತ್ತಿಳಿಯುವಾಗ ರಾಯರು ಮತ್ತೆ ಮೇಣ ತಿಕ್ಕಿ ಎಸೆದರು. ದಾರ ನೀರ ಮೇಲೆ ಮಲಗಿ, ಹರಿವಿನ ಜೊತೆ ತಿರುವಿನವರೆಗೂ ಹೋಯಿತು. ಯಾವ ಮೀನೂ ಕಚ್ಚಲಿಲ್ಲ.

"ಇಂಥಾವು ಇನ್ನಷ್ಟು ಮಾಡ್ರಿ," ಎಂದರು ರಾಯರು. ನನಗೆ ಅಳು ಬಂತು. ಮುಖ ತೊಳೆಯುವ ನೆಪದಲ್ಲಿ ಹೊಳೆಗೆ ಇಳಿದೆ.

ಮರುದಿನ ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಕೇಳಿದಳು, "ಒಪ್ಪಿದರೇನು?"

"ಒಪ್ಪಿದರವ್ವ. ಸೊಲ್ಲಾಪುರಕ್ಕ ಹೋಗೂದಿಲ್ಲ."

"ಗಂಜಿ ಹಾಕದಿದ್ದರ ನಿನ್ನ ಗತಿ ಏನಾಗ್ತಿತ್ತು," ಎಂದು ಅವ್ವ ಕಣ್ಣೊರೆಸಿಕೊಂಡಳು. ಅವಳ ಮುಖ ನೋಡಿ ನಾನು ಹೂಂ ಎಂದುಬಿಟ್ಟೆ. ಆವತ್ತಿನಿಂದ ಹೆಣೆದ ದಾರವನ್ನೆಲ್ಲ ತಲೆದಿಂಬಿನೊಳಗೆ ತುರುಕಿಕೊಂಡು ಮಲಗುತ್ತೇನೆ.