ಸುಗಂಧಿಯಕ್ಕನ ಹೆಸರಿನ ವಾರ

ಕಣ್ಣಿಂದ ನೋಡದ ಮನೆಯ ಅಡುಗೆಕೋಣೆ ಯಾರಿಗಾದರೂ ಬಾಯಿಪಾಠ ಇರುತ್ತದೆಯೇ? ನಮ್ಮ ಸುಗಂಧಿಯಕ್ಕನಿಗೆ ಇದೆ. ಕುವೈತಿನ ಶರ್ಕ್‌ನಲ್ಲಿ, ಹನ್ನೊಂದನೇ ಮಹಡಿಯ ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಅವರದು. ನಮ್ಮ ಮುದೀರ್, ಅಂದರೆ ಯಜಮಾನರು, ಇಂಗ್ಲೆಂಡಿನ ನಾರ್ಫೋಕ್ ಎಂಬ ಕಡಲ ಬದಿಯ ಜಿಲ್ಲೆಯಲ್ಲಿ ಮೂರು ಹಳೆಯ ಕಲ್ಲಿನ ಮನೆಗಳನ್ನು ಕೊಂಡಿದ್ದಾರೆ. ರಜೆಗೆ ಬರುವವರಿಗೆ ಅವನ್ನು ವಾರಕ್ಕಿಷ್ಟು ಎಂದು ಬಾಡಿಗೆಗೆ ಕೊಡುವುದು. ಹೋಟೆಲಲ್ಲ, ಚಾವಿ ತೆಗೆದುಕೊಂಡು ಒಳಗೆ ಹೋಗಿ ಅಡುಗೆ ತಾವೇ ಮಾಡಿಕೊಳ್ಳಬೇಕು. ಬುಕಿಂಗು, ದೂರು, ಸಮಾಧಾನ ಎಲ್ಲವೂ ಒಂಬತ್ತು ವರ್ಷದಿಂದ ಸುಗಂಧಿಯಕ್ಕನ ತಲೆಗೆ.

ಆಲೂಗಡ್ಡೆಯ ಸಿಪ್ಪೆ ತೆಗೆಯುವುದು ಎಲ್ಲಿದೆ ಎಂದು ಅಲ್ಲಿಂದ ಯಾರೋ ಫೋನ್ ಮಾಡುತ್ತಾರೆ. ಸಿಂಕಿನ ಬಲಕ್ಕೆ ಎರಡನೇ ಡ್ರಾಯರು, ಮರದ ಸೌಟಿನ ಅಡಿಯಲ್ಲಿ ಎನ್ನುತ್ತಾರೆ ಇವರು. ಒಲೆ ಹತ್ತದಿದ್ದರೆ ಬ್ರೆಡ್ಡಿನ ಡಬ್ಬ ಸರಿಸಿ, ಗೋಡೆಯಲ್ಲಿ ಕೆಂಪು ಸ್ವಿಚ್ಚಿದೆ. ಕಳೆದ ಬೇಸಿಗೆಯಲ್ಲಿ ಇಲ್ಲಿಂದಲೇ ಹೋದ ಒಂದು ಕುಟುಂಬ, ಅಡುಗೆಯವನು ಇನ್ನೂ ಯಾಕೆ ಬಂದಿಲ್ಲ ಎಂದು ಜೋರು ಮಾಡಿತು. ಅಡುಗೆ ನೀವೇ ಮಾಡಿಕೊಳ್ಳಬೇಕು ಎಂದು ಸುಗಂಧಿಯಕ್ಕ ನಾಲ್ಕು ಸಲ ಬರೆದಿದ್ದರು. ಓದುವವರು ಬೇಕಲ್ಲ. ಕೊನೆಗೆ ಅವರಿಗೆ ಮೊಟ್ಟೆ ಬೇಯಿಸುವುದನ್ನು ಫೋನಿನಲ್ಲೇ ಕಲಿಸಿಕೊಟ್ಟರು. ನಾನಾಗಿದ್ದರೆ ಫೋನು ಕುಕ್ಕಿ ಇಡುತ್ತಿದ್ದೆ.

ಸುಗಂಧಿಯಕ್ಕ ಮೂಲ್ಕಿಯ ಕಡೆಯವರು. ಇಲ್ಲಿ ಮಹಬೂಲಾದ ಸಣ್ಣ ಫ್ಲ್ಯಾಟಿನಲ್ಲಿ ಗಂಡ ದೇಜಪ್ಪಣ್ಣ, ಮಗಳು ಅಕ್ಷಿತಾ ಜೊತೆ ಇದ್ದಾರೆ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಏಸಿಗಳು ಕಾಣುತ್ತವೆ. ದೇಜಪ್ಪಣ್ಣ ಜಾಬ್ರಿಯಾದ ಒಂದು ಕ್ಲಿನಿಕ್ಕಿನ ಕ್ಯಾಂಟೀನು ನೋಡಿಕೊಳ್ಳುತ್ತಾರೆ. ಮೂವರೂ ಒಟ್ಟಿಗೆ ಕೂತು ಉಣ್ಣುವುದು ಶುಕ್ರವಾರ, ಅದೂ ಅವರಿಗೆ ಡ್ಯೂಟಿ ಇಲ್ಲದಿದ್ದರೆ. ರಜೆ ಸಿಕ್ಕಿದರೆ ಊರಿಗೆ ಹೋಗಬೇಕು, ಊರಿಗೆ ಹೋದರೆ ಮದುವೆ, ಭೂತಕೋಲ, ನೆಂಟರ ಮನೆ. ಮೂವರೇ ಎಂದು ಎಲ್ಲಿಗೂ ಹೋದದ್ದಿಲ್ಲ. ಅಕ್ಷಿತಾಳಿಗೆ ಹದಿನೇಳು ವರ್ಷ. ಬರುವ ಜೂನಿನಲ್ಲಿ ಮಂಗಳೂರಿನ ಹಾಸ್ಟೆಲಿಗೆ ಹೋಗುತ್ತಾಳೆ. ಅಷ್ಟರೊಳಗೆ ಒಂದು ವಾರ, ನಾರ್ಫೋಕಿನ ಮೂರನೇ ನಂಬರಿನ ಮನೆಯಲ್ಲಿ, ಮೂವರೇ ಇರಬೇಕು. ಸುಗಂಧಿಯಕ್ಕನ ಆಸೆ ಅಷ್ಟೇ.

ಒಂದು ದಿನ ಮುದೀರ್ ಖುಷಿಯಲ್ಲಿದ್ದಾಗ ಸುಗಂಧಿಯಕ್ಕ ಕೇಳಿಯೇಬಿಟ್ಟರು. ಅಕ್ಟೋಬರಿನ ಕೊನೆಯ ವಾರ ನಿನಗೆ, ಬಾಡಿಗೆ ಬೇಡ ಎಂದರು ಅವರು. ಸುಗಂಧಿಯಕ್ಕ ಕಂಪ್ಯೂಟರಿನಲ್ಲಿ ಆ ವಾರಕ್ಕೆ ತಮ್ಮ ಹೆಸರು ತಾವೇ ಬರೆದುಕೊಂಡು, ನೋಡು ಬಾ ಎಂದು ನನ್ನನ್ನು ಕರೆದರು.

"ಅಲ್ಲಿ ಅಡಿ ದಪ್ಪದ ಪಾತ್ರೆ ಒಂದುಂಟು. ಕುಚ್ಚಲಕ್ಕಿ ಚಂದ ಬೇಯ್ತದೆ," ಎಂದರು. ಮಾರನೇ ದಿನವೇ ಅಕ್ಕಿ ತಂದು ಸೂಟ್‌ಕೇಸಿನಲ್ಲಿ ಇಟ್ಟಾಯಿತು.

ಸೆಪ್ಟೆಂಬರಿನ ಕೊನೆಗೆ ವೀಸಾ ಇಲ್ಲ ಎಂದು ಬಂತು. ಪ್ರವಾಸಕ್ಕೆ ಬರುವವರು ಅಲ್ಲಿ ಕೆಲಸ ಮಾಡುವ ಹಾಗಿಲ್ಲ ಎಂದು ಪತ್ರದಲ್ಲಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಅರ್ಜಿಯ ಜೊತೆ ಎಂತ ಬರೆದಿದ್ದೀರಿ, ತೋರಿಸಿ ಎಂದೆ. ನೋಡಿದರೆ, ಯಾರೂ ಕೇಳದೆ ಒಂದು ಪುಟ ಬರೆದಿದ್ದಾರೆ: ಮನೆಯನ್ನು ನಮಗೆ ಬಾಡಿಗೆಯಿಲ್ಲದೆ ಕೊಟ್ಟಿದ್ದಾರೆ, ಅದಕ್ಕೆ ಬದಲಾಗಿ ನಾವು ಮೂರೂ ಮನೆಗಳನ್ನು ಗುಡಿಸಿ ಒರೆಸಿ, ಪಾತ್ರೆ ಎಣಿಸಿ, ಪರದೆ ಒಗೆದು ಕೊಡುತ್ತೇವೆ.

"ಇದನ್ನು ಬರೀಲಿಕ್ಕೆ ನಿಮಗೆ ಯಾರು ಹೇಳಿದ್ದು ಸುಗಂಧಿಯಕ್ಕ?"

"ಯಾರೂ ಹೇಳ್ಲಿಲ್ಲ ಶರ್ಲಿನ್. ಒಬ್ಬರ ಮನೆಯಲ್ಲಿ ಒಂದು ವಾರ ಬಿಟ್ಟಿ ಕೂತು ತಿನ್ನುದು ಹೇಗೆ ಮಾರಾಯ್ತಿ? ಎಂತಾದ್ರೂ ಮಾಡಿ ಕೊಡ್ತೇವೆ ಅಂದ್ರೆ ಮರ್ಯಾದೆ ಅಂತ ಎಣಿಸಿದೆ."

"ಅವರು ನಿಮ್ಮನ್ನು ಕೆಲಸಕ್ಕೆ ಬರುವವರು ಅಂತ ಎಣಿಸಿದ್ರು."

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಕೇಳಿದರೆ ಅವರ ಮೇಲೆಯೇ. ನಮ್ಮ ಊರಿನ ಹೆಂಗಸರ ಬುದ್ಧಿಯೇ ಇದು; ಮದುವೆಮನೆಗೆ ಹೋದರೂ ನಾಲ್ಕು ತೆಂಗಿನಕಾಯಿ ತುರಿಯದೆ ಎಲೆಯ ಮುಂದೆ ಕೂರುವುದಿಲ್ಲ. ನನ್ನ ಅಮ್ಮನೂ ಹಾಗೆಯೇ, ಸಿಟ್ಟು ಇಳಿದ ಮೇಲೆ ನೋಡಿದರೆ ನಾನೂ ಹಾಗೆಯೇ. ಮತ್ತೆ ಅರ್ಜಿ ಹಾಕಲು ದಿನ ಉಳಿದಿರಲಿಲ್ಲ.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ದೇಜಪ್ಪಣ್ಣ ಗಾದೆ ಹೇಳಿದರಂತೆ. ಗಾದೆ ಹೇಳುವುದಕ್ಕೇನು ಕಷ್ಟ. ಅಕ್ಷಿತಾ "ಇಟ್ಸ್ ಓಕೆ ಅಮ್ಮ" ಎಂದಷ್ಟೇ ಹೇಳಿ, ಸೂಟ್‌ಕೇಸಿನಿಂದ ಅಕ್ಕಿ ತೆಗೆದು ಡಬ್ಬಕ್ಕೆ ಸುರಿದಳಂತೆ. ಅದನ್ನು ಹೇಳುವಾಗ ಸುಗಂಧಿಯಕ್ಕ ಅತ್ತರು.

ಆ ವಾರ ಇಂಗ್ಲೆಂಡಿನ ಶಾಲೆಗಳಿಗೆ ರಜೆ, ಮನೆ ಕೇಳುವವರು ಬಹಳ. ಮುದೀರ್ ಮೇಜಿನ ಹತ್ತಿರ ಬಂದರು.

"ಖಲಾಸ್ ಸುಗಂಧಿ, ನೀನು ಹೋಗುವುದಿಲ್ಲವಲ್ಲ. ಆ ವಾರವನ್ನು ಬಿಟ್ಟುಕೊಡು. ಯಲ್ಲಾ, ಬೇಗ."

ಸರಿ ಸರ್ ಎನ್ನುತ್ತಾರೆ ಎಂದುಕೊಂಡೆ. ಒಂಬತ್ತು ವರ್ಷ ಅದನ್ನೇ ಕೇಳಿದ್ದೇನೆ.

"ನೀವು ನನಗೆ ಕೊಟ್ಟದ್ದು ಸರ್," ಎಂದರು ಸುಗಂಧಿಯಕ್ಕ. "ನಾನು ಹೋದರೂ ನನ್ನದು, ಹೋಗದಿದ್ದರೂ ನನ್ನದು."

ಮುದೀರ್ ಸುಗಂಧಿಯಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಕೊಟ್ಟ ಮಾತು ತಾನೇ, ಏನೋ ಗೊಣಗಿಕೊಂಡು ಒಳಗೆ ಹೋದರು. ಆ ವಾರ ಬೇಕೆಂದು ಫೋನ್ ಮಾಡಿದ ಏಳು ಮಂದಿಗೂ ಸುಗಂಧಿಯಕ್ಕ ಮನೆ ಖಾಲಿ ಇಲ್ಲ ಎಂದು ಹೇಳಿದರು. ಬಿಟ್ಟಿ ಕೂರಲು ನಾಚಿದ ಹೆಂಗಸು ಇವರೇನಾ ಎನ್ನಿಸಿತು.

ಆ ವಾರದ ಮೊದಲ ದಿನ, ಶನಿವಾರ ಸಂಜೆ, ಅಲ್ಲಿ ಚಾವಿ ಕೊಡುವ ಮುದುಕಿ ಫೋನ್ ಮಾಡಿದಳು. ಹಾಸಿಗೆ ಹಾಸಿದ್ದೇನೆ, ಹಾಲು ತಂದಿಟ್ಟಿದ್ದೇನೆ, ನಿಮ್ಮ ಅತಿಥಿಗಳು ಇನ್ನೂ ಬರಲಿಲ್ಲ, ಚಾವಿ ಏನು ಮಾಡಲಿ ಎಂದು ಕೇಳಿದಳು. ಅವಳಿಗೆ ತಿಳಿಸುವುದನ್ನು ಮಾತ್ರ ಸುಗಂಧಿಯಕ್ಕ ಮರೆತಿದ್ದರು.



"ಹಾಲು ನೀವು ತೆಗೆದುಕೊಂಡು ಹೋಗಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಚಾವಿ ಮುಂದಿನ ಶನಿವಾರದವರೆಗೆ ನಿಮ್ಮ ಹತ್ತಿರವೇ ಇರಲಿ. ಬೇರೆ ಯಾರಿಗೂ ಕೊಡಬೇಡಿ."